ಹಠಾತ್ ಸಾವು, ಕೋವಿಡ್ ಲಸಿಕೆ ಮತ್ತು ಕಾರಣ ಹುಡುಕುವ ವಿಜ್ಞಾನ

ಕರಾವಳಿಯಲ್ಲಿ ನಲವತ್ತರ ಆಸುಪಾಸಿನ ಯಾರಾದರೂ ಹಠಾತ್ತನೆ ತೀರಿಕೊಂಡರೆ, ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಪಂಕ್ತಿಯಲ್ಲಿ ಕುಳಿತವರ ನಡುವೆ ಒಂದು ಮಾತು ಈಗಲೂ ತಪ್ಪದೆ ಬರುತ್ತದೆ: ಕೊರೊನಾ ಲಸಿಕೆ ಹಾಕಿಸಿಕೊಂಡ ಮೇಲೆಯೇ ಅಲ್ಲವೇ ಇದೆಲ್ಲ ಶುರುವಾದದ್ದು? ಬಂಟ್ವಾಳದಲ್ಲಿ ಕೇಳಿದರೂ ಕುಂದಾಪುರದಲ್ಲಿ ಕೇಳಿದರೂ ಮಾತು ಅದೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದಾಗ ಬಲಗೊಂಡ ಈ ಶಂಕೆ, 2025ರ ಜೂನ್‌ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂದಾಗ ರಾಜ್ಯದ ರಾಜಕೀಯಕ್ಕೂ ಏರಿತು. ಲಸಿಕೆಗೆ ಆತುರದಲ್ಲಿ ಅನುಮೋದನೆ ಕೊಟ್ಟದ್ದೂ ಕಾರಣವಾಗಿರಬಹುದೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ನಿರಾಕರಿಸಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ರಾಜ್ಯ ಸರಕಾರವೇ ನೇಮಿಸಿದ್ದ ತಜ್ಞರ ಸಮಿತಿಯೂ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣುವುದಿಲ್ಲವೆಂದು ವರದಿ ಕೊಟ್ಟಿತು. ಇಷ್ಟಾದರೂ ಶಂಕೆ ಉಳಿದಿದೆ.

ಶಂಕೆ ಪಡುವವರನ್ನು ಅರಿವಿಲ್ಲದವರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮನೆಯ ಆಧಾರವೇ ಕುಸಿದಾಗ ಕಾರಣ ಹುಡುಕುವುದು ಮನುಷ್ಯ ಸಹಜ, ಮತ್ತು ಆ ಹುಡುಕಾಟಕ್ಕೆ ಉತ್ತರ ಪಡೆಯುವ ಹಕ್ಕು ಆ ಮನೆಯವರಿಗಿದೆ. ಆದರೆ ‘ಸಂಬಂಧವಿಲ್ಲ’ ಎಂಬ ಒಂದು ಸಾಲಿನ ತೀರ್ಪಿಗಿಂತ, ಆ ತೀರ್ಪಿಗೆ ಬರುವ ದಾರಿ ಯಾವುದೆಂಬುದನ್ನು ನಮ್ಮಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಸಾಂಕ್ರಾಮಿಕದ ವರ್ಷಗಳಲ್ಲಿ ವೈದ್ಯವಿಜ್ಞಾನ ಮಾಡಿದ ದೊಡ್ಡ ಕೆಲಸ ಲಸಿಕೆಯೊಂದೇ ಅಲ್ಲ. ಯಾವುದು ಗುಣಕೊಟ್ಟಿತು, ಯಾವುದು ಕೊಡಲಿಲ್ಲ, ಯಾವುದು ಕೇಡು ಮಾಡಿತು ಎಂಬುದನ್ನು ಹೆಣಗಳು ಬೀಳುತ್ತಿದ್ದ ಹೊತ್ತಿನಲ್ಲೇ ತಿಂಗಳುಗಳೊಳಗೆ ಬೇರ್ಪಡಿಸಿ ತೋರಿಸಿದ್ದು ಅದಕ್ಕೆ ಸರಿಸಮನಾದ ಸಾಧನೆಯೆಂದು ನಾನು ಭಾವಿಸುತ್ತೇನೆ. ಆ ಕೆಲಸದ ಜೀವಾಳ ಹೋಲಿಕೆ: ಔಷಧ ಪಡೆದವರ ಪಕ್ಕದಲ್ಲಿ, ಎಲ್ಲ ರೀತಿಯಲ್ಲೂ ಅವರಂತೆಯೇ ಇದ್ದು ಅದನ್ನು ಪಡೆಯದವರನ್ನು ಇಟ್ಟು ನೋಡುವುದು.

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಕೋರಿಕೆಗಳನ್ನು ನೆನಪಿಸಿಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. ಆಮ್ಲಜನಕದ ಹಾಸಿಗೆ ಎಲ್ಲಿದೆ, ರೆಮ್ಡೆಸಿವಿರ್ ಔಷಧ ಯಾರ ಬಳಿ ಸಿಗುತ್ತದೆ, ಬಿ ಪಾಸಿಟಿವ್ ಪ್ಲಾಸ್ಮಾ ಕೊಡುವವರಿದ್ದಾರೆಯೇ ಎಂಬ ಮೂರು ಪ್ರಶ್ನೆಗಳು ಹಗಲಿರುಳು ಬರುತ್ತಿದ್ದವು. ಇವುಗಳಲ್ಲಿ ಆಮ್ಲಜನಕದ ಅಗತ್ಯಕ್ಕೆ ಎರಡು ಮಾತಿರಲಿಲ್ಲ. ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹರೈನಿನಿಂದ ತಲಾ 27 ಟನ್ನಿನ ಎರಡು ದ್ರವ ಆಮ್ಲಜನಕದ ಟ್ಯಾಂಕುಗಳನ್ನು ಹೊತ್ತು ಆ ಮೇ ಮೊದಲ ವಾರ ಪಣಂಬೂರಿನ ನವಮಂಗಳೂರು ಬಂದರಿಗೆ ಬಂದದ್ದನ್ನು ಇಲ್ಲಿನವರು ಮರೆತಿರಲಾರರು. ಆದರೆ ಉಳಿದ ಎರಡರ ಕಥೆ ಬೇರೆ.

ಚೇತರಿಸಿಕೊಂಡವರ ರಕ್ತದಲ್ಲಿರುವ ಪ್ರತಿಕಾಯಗಳನ್ನು ರೋಗಿಗೆ ಕೊಟ್ಟರೆ ಗುಣವಾಗಬೇಕು ಎಂಬ ತರ್ಕ ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಪ್ಲಾಸ್ಮಾ ಪಡೆದು ಬದುಕಿದವರು ಊರೂರಲ್ಲಿದ್ದರು. ಅವರ ಮನೆಯವರು ದಾನಿಯ ಕಾಲಿಗೆ ಬೀಳುವಷ್ಟು ಕೃತಜ್ಞರಾಗಿದ್ದರು. ಆದರೆ ಅಷ್ಟು ಹೊತ್ತಿಗಾಗಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ದೇಶದ 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ಪ್ಲಾಸಿಡ್ ಎಂಬ ಪ್ರಯೋಗ ನಡೆಸಿ ಮುಗಿಸಿತ್ತು. ಚೀಟಿ ಎತ್ತಿದಂತೆ ಅರ್ಧದಷ್ಟು ಜನಕ್ಕೆ ಪ್ಲಾಸ್ಮಾ, ಉಳಿದವರಿಗೆ ಎಂದಿನ ಚಿಕಿತ್ಸೆ. ರೋಗ ಉಲ್ಬಣಿಸಿದವರು ಅಥವಾ ಸತ್ತವರು ಪ್ಲಾಸ್ಮಾ ಪಡೆದವರಲ್ಲಿ ನೂರಕ್ಕೆ 19, ಪಡೆಯದವರಲ್ಲಿ ನೂರಕ್ಕೆ 18. ಅಂದರೆ ಪ್ಲಾಸ್ಮಾದಿಂದ ಬದುಕಿದೆವೆಂದು ನಂಬಿದವರು ಅದಿಲ್ಲದೆಯೂ ಬದುಕುವವರೇ ಆಗಿದ್ದರು. ಈ ಫಲಿತಾಂಶ 2020ರ ಅಕ್ಟೋಬರಿನಲ್ಲೇ ಪ್ರಕಟವಾಗಿತ್ತು. ಬ್ರಿಟನ್ನಿನಲ್ಲಿ 11 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗವೂ ಅದನ್ನೇ ಹೇಳಿತು. ಹಾಗಿದ್ದರೂ ನಮ್ಮ ದೇಶದ ಅಧಿಕೃತ ಚಿಕಿತ್ಸಾ ಕ್ರಮದಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ 17ರಂದು, ಎರಡನೇ ಅಲೆ ತನ್ನ ಪಾಲನ್ನು ತೆಗೆದುಕೊಂಡಾದ ಮೇಲೆ. ನಮ್ಮದೇ ಸಂಸ್ಥೆ ಕಂಡುಕೊಂಡ ಸತ್ಯವನ್ನು ನಾವೇ ಏಳು ತಿಂಗಳು ಬದಿಗಿಟ್ಟೆವು ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಆ ಏಳು ತಿಂಗಳಲ್ಲಿ ಎಷ್ಟೋ ಮನೆಯವರು ರೋಗಿಯ ಪಕ್ಕದಲ್ಲಿರಬೇಕಾದ ಹೊತ್ತನ್ನು ದಾನಿಯನ್ನು ಹುಡುಕುವುದರಲ್ಲಿ ಕಳೆದರು.

ರೆಮ್ಡೆಸಿವಿರ್ ಸ್ಥಿತಿ ಇಷ್ಟು ಖಚಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗದ ಮಧ್ಯಂತರ ಲೆಕ್ಕದಲ್ಲಿ ಅದನ್ನು ಪಡೆದ 2,743 ಮಂದಿಯಲ್ಲಿ 301 ಸಾವು, ಪಡೆಯದ 2,708 ಮಂದಿಯಲ್ಲಿ 303 ಸಾವು. ಮುಂದೆ ಬಂದ ಅಂತಿಮ ಫಲಿತಾಂಶದಲ್ಲಿ ಆಮ್ಲಜನಕ ಬೇಕಾಗಿದ್ದು ವೆಂಟಿಲೇಟರ್ ಹಂತಕ್ಕೆ ಹೋಗದವರಿಗೆ ಅಲ್ಪ ಪ್ರಯೋಜನ ಕಂಡಿತು. ಕಾಳಸಂತೆಯಲ್ಲಿ ಕೊಂಡು ತರುವಷ್ಟು ಮಹತ್ವ ಅದಕ್ಕಿರಲಿಲ್ಲ.

ಸಾವನ್ನು ನಿಜವಾಗಿ ತಡೆದದ್ದು ಯಾರೂ ಹುಡುಕಿಕೊಂಡು ಅಲೆಯದ ಔಷಧ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ 1950ರ ದಶಕದ ಕೊನೆಯಿಂದ ಬಳಕೆಯಲ್ಲಿದೆ, ತಾಲೂಕು ಆಸ್ಪತ್ರೆಯ ಕಪಾಟಿನಲ್ಲೂ ಇರುತ್ತದೆ, ಬೆಲೆ ಕೆಲವೇ ರೂಪಾಯಿ. ಆಕ್ಸ್‌ಫರ್ಡಿನ ರಿಕವರಿ ಪ್ರಯೋಗ 2020ರ ಮಾರ್ಚ್ 19ರಂದು ಮೊದಲ ರೋಗಿಯನ್ನು ಸೇರಿಸಿಕೊಂಡು ಜೂನ್ 16ಕ್ಕೆ ಇದರ ಫಲಿತಾಂಶ ಸಾರಿತು. ಅದರ ಯಶಸ್ಸಿನ ಗುಟ್ಟು ಸರಳತೆ. ವಾರ್ಡಿನಲ್ಲಿದ್ದ ವೈದ್ಯರು ರೋಗಿಯ ಒಪ್ಪಿಗೆ ಪಡೆದು, ಕಂಪ್ಯೂಟರಿನಲ್ಲಿ ನಾಲ್ಕಾರು ವಿವರ ತುಂಬಿದರೆ ಸಾಕು, ಈ ರೋಗಿಗೆ ಔಷಧವೋ ಎಂದಿನ ಚಿಕಿತ್ಸೆಯೋ ಎಂಬುದನ್ನು ಪರದೆಯೇ ಹೇಳುತ್ತಿತ್ತು. ವೈದ್ಯರ ಒಲವು, ರೋಗಿಯ ಹಣಬಲ, ಮನೆಯವರ ಒತ್ತಾಯ, ಯಾವುದಕ್ಕೂ ಅಲ್ಲಿ ಎಡೆಯಿರಲಿಲ್ಲ. ಇಪ್ಪತ್ತೆಂಟು ದಿನಗಳ ಬಳಿಕ ಎರಡೂ ಗುಂಪುಗಳಲ್ಲಿ ಬದುಕಿದವರನ್ನೂ ಸತ್ತವರನ್ನೂ ಎಣಿಸಿದರು. ವೆಂಟಿಲೇಟರಿನಲ್ಲಿದ್ದವರಲ್ಲಿ ಸಾವಿನ ಪ್ರಮಾಣ ನೂರಕ್ಕೆ 41.4ರಿಂದ 29.3ಕ್ಕೆ ಇಳಿದಿತ್ತು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ. ಆಮ್ಲಜನಕವೇ ಬೇಕಿಲ್ಲದವರಲ್ಲಿ ಮಾತ್ರ ಪ್ರಯೋಜನ ಕಾಣಲಿಲ್ಲ, ಔಷಧ ಪಡೆದವರಲ್ಲೇ ಸಾವು ತುಸು ಹೆಚ್ಚಿತ್ತು.

ಕೊನೆಯ ಈ ಮಾತನ್ನು ನಮ್ಮಲ್ಲಿ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಎರಡನೇ ಅಲೆಯಲ್ಲಿ ಬರೀ ಜ್ವರ, ಕೆಮ್ಮು ಇದ್ದವರೂ ಯಾರೋ ಕಳಿಸಿದ ಔಷಧಿ ಚೀಟಿ ನೋಡಿ ಮನೆಯಲ್ಲೇ ಸ್ಟೀರಾಯ್ಡ್ ನುಂಗಿದರು. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ಈ ನಾಡಿನಲ್ಲಿ ಅದರ ಬೆಲೆ ದೊಡ್ಡದಾಯಿತು. ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಆ ಸ್ಥಿತಿಯಲ್ಲಿ ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಹರಡುವ ಕಪ್ಪು ಶಿಲೀಂಧ್ರಕ್ಕೆ ದಾರಿ ಸುಲಭವಾಗುತ್ತದೆ. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಲ್ಲೂ ಕಣ್ಣು ಕಳೆದುಕೊಳ್ಳುವ ಹಂತದಲ್ಲಿ ರೋಗಿಗಳು ದಾಖಲಾದರು. ಒಂದೇ ಔಷಧ, ಒಬ್ಬರಿಗೆ ಪ್ರಾಣ, ಇನ್ನೊಬ್ಬರಿಗೆ ಅಪಾಯ. ಯಾರಿಗೆ ಯಾವುದು ಎಂದು ತಿಳಿಸಿದ್ದು ಹೋಲಿಕೆಯ ಲೆಕ್ಕವೇ ಹೊರತು ಅನುಭವದ ಮಾತಲ್ಲ.

ಲಸಿಕೆಯ ಪರಿಣಾಮವನ್ನು ಅಳೆದದ್ದೂ ಇದೇ ಕ್ರಮದಲ್ಲಿ. ಫೈಜರ್ ಪ್ರಯೋಗದಲ್ಲಿ ಸುಮಾರು 43 ಸಾವಿರ ಜನರಿದ್ದರು; ಅರ್ಧ ಮಂದಿಗೆ ಲಸಿಕೆ, ಅರ್ಧ ಮಂದಿಗೆ ಉಪ್ಪುನೀರಿನ ಚುಚ್ಚುಮದ್ದು. ಕೆಲವೇ ತಿಂಗಳಲ್ಲಿ ಕೋವಿಡ್ ಕಾಣಿಸಿಕೊಂಡ 170 ಮಂದಿಯಲ್ಲಿ 162 ಜನ ಉಪ್ಪುನೀರಿನ ಗುಂಪಿನವರು, ಲಸಿಕೆಯ ಗುಂಪಿನವರು 8 ಜನ. ವೈರಾಣುವಿನ ಸುಮಾರು 30 ಸಾವಿರ ಅಕ್ಷರಗಳ ಜೀನ್ ನಕ್ಷೆ 2020ರ ಜನವರಿಯಲ್ಲಿ ಪ್ರಕಟವಾಗಿ ಅದೇ ಡಿಸೆಂಬರಿನಲ್ಲಿ ಲಸಿಕೆ ತೋಳಿಗೆ ಬಂದದ್ದು ಅನೇಕರಿಗೆ ಅನುಮಾನ ಹುಟ್ಟಿಸಿತು. ಆದರೆ ಫೈಜರ್ ಲಸಿಕೆಗೆ ಬುನಾದಿಯಾದ ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಸಲು ಜೀವಕೋಶಕ್ಕೆ ಸೂಚನೆ ಒಯ್ಯುವ ಅಣುವಿನ ಕುರಿತ ಮುಖ್ಯ ಶೋಧವನ್ನು ವಿಜ್ಞಾನಿಗಳಾದ ಕಾರಿಕೊ ಮತ್ತು ವೈಸ್‌ಮನ್ ಪ್ರಕಟಿಸಿದ್ದು 2005ರಲ್ಲಿ. ಅದಕ್ಕೆ ನೊಬೆಲ್ ಬಂದದ್ದು 2023ರಲ್ಲಿ. ಆಕ್ಸ್‌ಫರ್ಡಿನವರು ಇನ್ನೊಂದು ಕೊರೊನಾ ವೈರಾಣುವಿನಿಂದ ಬರುವ ಮರ್ಸ್ ರೋಗಕ್ಕಾಗಿ ಸಿದ್ಧಪಡಿಸಿದ್ದ ತಂತ್ರವನ್ನೇ ಕೋವಿಡ್‌ಗೆ ಬಳಸಿದರು. ನಮ್ಮ ಕೋವಿಶೀಲ್ಡ್ ಅದೇ. ಹೊಸದಾಗಿ ನಡೆಯಬೇಕಿದ್ದದ್ದು ಜನರ ಮೇಲಿನ ಪ್ರಯೋಗ. ಸೋಂಕು ಎಲ್ಲೆಡೆ ಹಬ್ಬಿದ್ದರಿಂದ ಅದರ ಫಲಿತಾಂಶ ಬೇಗ ಬಂತು.

ಒಂದು ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. 2021ರ ಜನವರಿ 3ರಂದು ಕೊವ್ಯಾಕ್ಸಿನ್‌ಗೆ ಅನುಮತಿ ಕೊಟ್ಟಾಗ ಅದರ ಮೂರನೇ ಹಂತದ ಫಲಿತಾಂಶ ಕೈಸೇರಿರಲಿಲ್ಲ. ಸುಮಾರು 25,800 ಮಂದಿಯ ಆ ಪ್ರಯೋಗ ಶೇ. 77.8ರಷ್ಟು ರಕ್ಷಣೆ ತೋರಿಸಿದ್ದು ನಂತರದ ಮಾತು. ಫಲಿತಾಂಶ ಒಳ್ಳೆಯದೇ ಆಯಿತೆಂಬುದು ಕ್ರಮ ಸರಿಯಾಗಿತ್ತೆಂಬುದಕ್ಕೆ ಸಾಕ್ಷಿಯಲ್ಲ. ಇಂದಿನ ಅಪನಂಬಿಕೆಯಲ್ಲಿ ಆ ಅವಸರದ ಪಾಲೂ ಇದೆ.

ಲಸಿಕೆಗಳಿಂದ ಯಾರಿಗೂ ಏನೂ ಆಗಲಿಲ್ಲವೇ? ಆಯಿತು. 2021ರ ಮಾರ್ಚಿನಲ್ಲಿ ಯೂರೋಪಿನ ವೈದ್ಯರು ವಿಚಿತ್ರ ಪ್ರಕರಣಗಳನ್ನು ಕಂಡರು: ಆಸ್ಟ್ರಾಜೆನೆಕಾ ಕಂಪನಿಯ ಲಸಿಕೆ (ಆಕ್ಸ್‌ಫರ್ಡಿನ ಆ ಲಸಿಕೆಯೇ, ನಮ್ಮಲ್ಲಿ ಕೋವಿಶೀಲ್ಡ್) ಪಡೆದು ಒಂದೆರಡು ವಾರವಾಗಿದ್ದ ಆರೋಗ್ಯವಂತರಲ್ಲಿ ಮಿದುಳಿನ ರಕ್ತನಾಳದಲ್ಲಿ ಹೆಪ್ಪು, ಜತೆಗೆ ಪ್ಲೇಟ್‌ಲೆಟ್ ಕುಸಿತ. ಪ್ಲೇಟ್‌ಲೆಟ್‌ಗಳಿಗೆ ಸಂಬಂಧಿಸಿದ ಒಂದು ಪ್ರೋಟೀನಿನ ವಿರುದ್ಧ ದೇಹವೇ ಪ್ರತಿಕಾಯ ತಯಾರಿಸುತ್ತಿತ್ತು ಎಂಬುದು ಬೇಗನೆ ಪತ್ತೆಯಾಯಿತು. ಡೆನ್ಮಾರ್ಕ್ ಮತ್ತು ನಾರ್ವೆಯಲ್ಲಿ ಲಸಿಕೆ ಪಡೆದ 2,81,264 ಮಂದಿಯ ದಾಖಲೆ ತೆಗೆದು ನೋಡಿದಾಗ, ಲಸಿಕೆಯೇ ಇಲ್ಲದಿದ್ದರೂ ಅಷ್ಟು ಜನರಲ್ಲಿ ಸುಮಾರು 30 ಮಂದಿಗೆ ಅಭಿಧಮನಿಗಳಲ್ಲಿ ಹೆಪ್ಪುಗಟ್ಟಬೇಕಿದ್ದ ಕಡೆ 59 ಮಂದಿಗೆ ಹಾಗಾಗಿತ್ತು. ಬ್ರಿಟನ್ನಿನಲ್ಲಿ ಐವತ್ತರ ಒಳಗಿನವರಲ್ಲಿ ಪ್ಲೇಟ್‌ಲೆಟ್ ಕುಸಿತದ ಜತೆಗಿನ ಈ ಹೆಪ್ಪಿನ ಪ್ರಮಾಣ ಸುಮಾರು 50 ಸಾವಿರಕ್ಕೆ ಒಂದೆಂದು ತಿಳಿದಾಗ, ನಲವತ್ತರ ಕೆಳಗಿನವರಿಗೆ ಬೇರೆ ಲಸಿಕೆ ಕೊಡುವಂತೆ ಅಲ್ಲಿ ಸಲಹೆಯೂ ಬಂತು. ಕೋಟಿಗಟ್ಟಲೆ ಜನರ ನಡುವೆ ಅಡಗಿದ್ದ ಇಷ್ಟು ಅಪರೂಪದ ದೋಷವನ್ನು ವಾರಗಳೊಳಗೆ ಹೊರಗೆಳೆದದ್ದು ಇದೇ ಹೋಲಿಕೆಯ ವಿಧಾನ. ಲಸಿಕೆಯನ್ನು ಹಿಡಿದುಕೊಟ್ಟಾಗ ನಾವು ನಂಬುವ ವಿಧಾನವನ್ನು, ಅದೇ ಲಸಿಕೆಯನ್ನು ನಿರ್ದೋಷಿಯೆಂದು ಬಿಟ್ಟಾಗ ನಂಬದಿರುವುದಕ್ಕೆ ಕಾರಣವಿಲ್ಲ.

ಆ ಹೆಪ್ಪುಗಟ್ಟುವಿಕೆ ಹೆಚ್ಚಾಗಿ ಲಸಿಕೆಯ ಬಳಿಕ ನಾಲ್ಕಾರು ವಾರಗಳೊಳಗೆ ಕಾಣಿಸಿಕೊಳ್ಳುವಂಥದ್ದು. 2024ರಲ್ಲಿ ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಇದನ್ನು ಒಪ್ಪಿಕೊಂಡಿತೆಂಬ ಸುದ್ದಿ ಬಂದಾಗ ನಮ್ಮಲ್ಲಿ ಮತ್ತೆ ಗಾಬರಿಯಾಯಿತು. ವೈದ್ಯಲೋಕಕ್ಕೆ ಅದು ಮೂರು ವರ್ಷ ಹಳೆಯ ವಿಷಯ. ವರ್ಷಗಳ ಹಿಂದೆ ಹಾಕಿಸಿಕೊಂಡ ಕೋವಿಶೀಲ್ಡ್ ಇಂದಿನ ಹೃದಯಾಘಾತಕ್ಕೆ ಕಾರಣವೆನ್ನಲು ಅದು ಆಧಾರವಾಗುವುದಿಲ್ಲ. ಇನ್ನೊಂದು ಗೊಂದಲವೂ ಇದೆ. ಯುವಕರಲ್ಲಿ ಹೃದಯದ ಸ್ನಾಯು ಊದಿಕೊಳ್ಳುವ ಅಪರೂಪದ ತೊಂದರೆ ಕಂಡದ್ದು ಮುಖ್ಯವಾಗಿ ಫೈಜರ್, ಮೊಡೆರ್ನಾದ ಎಂಆರ್‌ಎನ್‌ಎ ಲಸಿಕೆಗಳಲ್ಲಿ. ಆ ಎರಡೂ ಲಸಿಕೆಗಳು ನಮ್ಮ ದೇಶದ ಲಸಿಕಾ ಅಭಿಯಾನದಲ್ಲಿ ಇರಲೇ ಇಲ್ಲ. ಅಮೆರಿಕದ ಅಂಕಿಅಂಶಗಳನ್ನು ಕನ್ನಡಕ್ಕಿಳಿಸಿ ಮೂಡುಬಿದಿರೆಯ ಸಾವಿಗೆ ಅಂಟಿಸಿದ ಸಂದೇಶಗಳು ಈ ಸರಳ ಸಂಗತಿಯನ್ನು ಮುಚ್ಚಿಡುತ್ತವೆ.

ಹಾಗಾದರೆ ನಮ್ಮದೇ ದೇಶದ ಹಠಾತ್ ಸಾವುಗಳನ್ನು ಯಾರಾದರೂ ಹೋಲಿಸಿ ನೋಡಿದ್ದಾರೆಯೇ? ಐಸಿಎಂಆರ್ ನೋಡಿದೆ. 2021ರ ಅಕ್ಟೋಬರಿನಿಂದ 2023ರ ಮಾರ್ಚಿನವರೆಗೆ, 18ರಿಂದ 45ರ ವಯಸ್ಸಿನ, ಮೇಲ್ನೋಟಕ್ಕೆ ಆರೋಗ್ಯವಾಗಿದ್ದು ಕಾರಣ ತಿಳಿಯದೆ ಹಠಾತ್ತನೆ ಸತ್ತ 729 ಮಂದಿಯ ವಿವರವನ್ನು 47 ಆಸ್ಪತ್ರೆಗಳ ಮೂಲಕ ಕಲೆಹಾಕಿದರು. ಪ್ರತಿಯೊಬ್ಬರಿಗೂ ಅದೇ ನೆರೆಹೊರೆಯ, ಅದೇ ಪ್ರಾಯದ, ಗಂಡಾದರೆ ಗಂಡು, ಹೆಣ್ಣಾದರೆ ಹೆಣ್ಣು, ಹೀಗೆ ನಾಲ್ಕು ಮಂದಿ ಜೀವಂತ ಇರುವವರನ್ನು ಜೋಡಿಸಿದರು. ಒಟ್ಟು 2,916 ಜನ. ಇದನ್ನು ನಮ್ಮ ಊರಿಗೆ ತಂದು ನೋಡೋಣ. ಮಲ್ಪೆಯ ಒಂದು ಕೇರಿಯಲ್ಲಿ ಮೂವತ್ತೆಂಟರ ಒಬ್ಬ ಬೋಟಿನ ಕೆಲಸಗಾರ ತೀರಿಕೊಂಡನೆಂದು ಇಟ್ಟುಕೊಂಡರೆ, ಆ ಮನೆಯಲ್ಲಿ ಕೇಳುವ ಪ್ರಶ್ನೆಗಳನ್ನೇ ಅದೇ ಕೇರಿಯ ಅದೇ ಪ್ರಾಯದ ನಾಲ್ವರಿಗೂ ಕೇಳಬೇಕು: ಲಸಿಕೆ ಎಷ್ಟು ಡೋಸ್ ಆಗಿತ್ತು, ಕೋವಿಡ್ ಬಂದು ಆಸ್ಪತ್ರೆ ಸೇರಿದ್ದುಂಟೇ, ಮನೆತನದಲ್ಲಿ ಹೀಗೆ ಸತ್ತವರಿದ್ದಾರೆಯೇ, ಕುಡಿತವೆಷ್ಟು, ಹಿಂದಿನ ಎರಡು ದಿನ ವಿಪರೀತ ದೈಹಿಕ ಶ್ರಮವಿತ್ತೇ. ಸತ್ತವರ ಮನೆಗೆ ಮಾತ್ರ ಹೋದರೆ ಎಲ್ಲರೂ ಲಸಿಕೆ ಪಡೆದವರೇ ಎಂದು ತೋರುತ್ತದೆ. 220 ಕೋಟಿ ಡೋಸ್ ಕೊಟ್ಟ ದೇಶದಲ್ಲಿ ಹಾಗಲ್ಲದೆ ಬೇರೆ ಹೇಗೆ ತೋರೀತು? ಬದುಕಿರುವ ಆ ನಾಲ್ವರ ಬಾಗಿಲು ತಟ್ಟಿದಾಗಲೇ ಉತ್ತರ ಸಿಗುವುದು.

ಸಿಕ್ಕ ಉತ್ತರ ಹೀಗಿದೆ. ಲಸಿಕೆ ಸಾವಿನ ಸಂಭವವನ್ನು ಹೆಚ್ಚಿಸಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅದು ಸುಮಾರು ಅರ್ಧದಷ್ಟಿತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ ಸಂಭವ ನಾಲ್ಕು ಪಟ್ಟಿನ ಸಮೀಪ, ಕುಟುಂಬದಲ್ಲಿ ಹಠಾತ್ ಸಾವಿನ ಚರಿತ್ರೆಯಿದ್ದವರಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು, ಸಾವಿಗೆ ಮುನ್ನಿನ 48 ಗಂಟೆಗಳಲ್ಲಿ ವಿಪರೀತ ಕುಡಿದಿದ್ದವರಲ್ಲಿ ಐದು ಪಟ್ಟು, ಮೈಮುರಿಯುವ ಶ್ರಮ ಮಾಡಿದ್ದವರಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು. ಈ ಅಧ್ಯಯನಕ್ಕೂ ಮಿತಿಗಳಿವೆ. ಸತ್ತವರ ಬಗ್ಗೆ ಮಾಹಿತಿ ಕೊಟ್ಟವರು ಮನೆಯವರು, ಅವರ ನೆನಪು ತಪ್ಪಿರಬಹುದು. ತಪ್ಪದೆ ಲಸಿಕೆ ಹಾಕಿಸಿಕೊಂಡವರು ಆರೋಗ್ಯದ ಬಗ್ಗೆ ಮೊದಲೇ ಹೆಚ್ಚು ಕಾಳಜಿಯುಳ್ಳವರಾಗಿರಬಹುದು, ಹಾಗಾಗಿ ಲಸಿಕೆಯಿಂದ ಸಾವು ಅರ್ಧಕ್ಕಿಳಿಯಿತೆಂದು ಇದೊಂದರಿಂದಲೇ ಹೇಳುವುದು ಹೆಚ್ಚಾದೀತು. ಆದರೆ ಲಸಿಕೆ ಯುವಜನರನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದರೆ ಅದು ಈ ಲೆಕ್ಕದ ಕಣ್ಣು ತಪ್ಪಿಸಲು ಸಾಧ್ಯವಿರಲಿಲ್ಲ.

ಯುವಕರು ಹೀಗೆ ಸಾಯುವುದು ಕೋವಿಡ್‌ಗೆ ಮುಂಚೆ ಇರಲಿಲ್ಲ ಎಂಬ ನಂಬಿಕೆಯೂ ತಪ್ಪು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಅಂಕಿಗಳ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮುಂಚೆ ಬರುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಟ್ಟು, ವಾಟ್ಸ್‌ಆ್ಯಪ್‌ನಲ್ಲೇ ವರದಿ ತರಿಸಿಕೊಂಡು ಸಲಹೆ ಕೊಡುವ ಕೆಲಸ ಆರಂಭಿಸಿದ್ದು 2018ರಲ್ಲಿ, ಅಂದರೆ ಕೊರೊನಾ ಎಂಬ ಹೆಸರನ್ನು ನಾವು ಕೇಳುವುದಕ್ಕೂ ಮೊದಲು. ದೂರದ ಹಳ್ಳಿಯಿಂದ ನಗರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪ್ರಾಣ ಹೋಗುವುದನ್ನು ಇಲ್ಲಿನ ವೈದ್ಯರು ಆಗಲೇ ಕಾಣುತ್ತಿದ್ದರು.

ಹೋಲಿಸಿ ನೋಡದೆ ಲಸಿಕೆಯನ್ನು ದೂರುವುದಷ್ಟೇ ಅಲ್ಲ, ಹೋಲಿಸಿ ನೋಡದೆ ಅದನ್ನು ನಂಬಿಕೊಂಡಿರುವುದೂ ಅಪಾಯವೇ. ಅದರ ಉದಾಹರಣೆ ಘಟ್ಟದ ಮೇಲೆಯೇ ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ದಶಕಗಳ ಕಾಲ ಒಂದು ಲಸಿಕೆ ಕೊಡುತ್ತಿದ್ದರು. ಅದರ ಶಕ್ತಿ ಕುಂದಿದೆಯೆಂದು ತಿಳಿದ ಮೇಲೂ ವರ್ಷಗಟ್ಟಲೆ ಮುಂದುವರಿದು 2022ರಲ್ಲಿ ಅದು ನಿಂತಿತು. ಸಾಗರದ ಅರಳಗೋಡಿನಲ್ಲಿ ರೋಗ ಉಲ್ಬಣಿಸಿದಾಗ ಜ್ವರದಿಂದ ಬಳಲುವವರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ತಂದದ್ದು ಈ ಭಾಗದ ಜನರಿಗೆ ಗೊತ್ತು. ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಹೊಸ ಲಸಿಕೆಯ ಕೆಲಸದಲ್ಲಿವೆ. ಮಲೆನಾಡಿನ ಕೂಲಿಕಾರರ ಕಾಯಿಲೆಗೆ ಆರು ದಶಕ ಕಳೆದರೂ ಮುಗಿಯದ ಕೆಲಸ, ಜಗತ್ತಿನ ಶ್ರೀಮಂತರನ್ನೂ ಕಾಡಿದ ಕಾಯಿಲೆಗೆ ಹನ್ನೊಂದು ತಿಂಗಳಲ್ಲಿ ಮುಗಿಯಿತೆಂಬ ನೋವನ್ನು ಇಲ್ಲಿ ಹೇಳದೆ ಇರಲಾರೆ.

ಹಾಸನದ ಗದ್ದಲದ ಬಳಿಕ, ಆಗ ದಕ್ಷಿಣ ಕನ್ನಡದ ಉಸ್ತುವಾರಿಯನ್ನೂ ಹೊತ್ತಿದ್ದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ ಮರಣೋತ್ತರ ಪರೀಕ್ಷೆ ನಡೆಸುವ ವ್ಯವಸ್ಥೆಯನ್ನು ಘೋಷಿಸಿದರು. ಸರಿಯಾದ ಹೆಜ್ಜೆ, ಆದರೆ ಸಾವುಗಳನ್ನು ಮಾತ್ರ ಎಣಿಸಿದರೆ ಅದು ಅರ್ಧ ಕೆಲಸವಾದೀತು. ಸುಳ್ಯದಿಂದ ದೇರಳಕಟ್ಟೆಯವರೆಗೆ ದಕ್ಷಿಣ ಕನ್ನಡದಲ್ಲಿ ಎಂಟು ವೈದ್ಯಕೀಯ ಕಾಲೇಜುಗಳಿವೆ, ಪಕ್ಕದಲ್ಲಿ ಮಣಿಪಾಲವಿದೆ. ಪ್ರತಿ ಹಠಾತ್ ಸಾವಿಗೆ ಅದೇ ಊರಿನ ನಾಲ್ವರನ್ನು ಜೋಡಿಸಿ, ಲಸಿಕೆಯ ದಿನಾಂಕ, ರಕ್ತದೊತ್ತಡ, ಸಕ್ಕರೆ, ತಂಬಾಕು, ಕೋವಿಡ್ ದಾಖಲೆ ಎಲ್ಲವನ್ನೂ ಬರೆದುಕೊಳ್ಳುವಷ್ಟು ಜನಬಲ ಇಲ್ಲಿನ ಸಮುದಾಯ ವೈದ್ಯಕೀಯ ವಿಭಾಗಗಳಿಗೆ ಇದ್ದೇ ಇದೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರನ್ನು ಎಷ್ಟು ನೆಚ್ಚಿಕೊಂಡಿದ್ದಾರೆಂಬುದು ನ್ಯಾಯಾಲಯದವರೆಗೂ ಹೋಗಿ ಗೊತ್ತಾಯಿತು. ಆದ್ದರಿಂದ ಈ ದಾಖಲೆ ಜಿಲ್ಲೆಯ ಗಡಿಗೆ ನಿಲ್ಲದೆ ಆ ಭಾಗವನ್ನೂ ಒಳಗೊಳ್ಳಬೇಕು. ಜೋಡಿಸಿದ ನಾಲ್ವರ ವಿವರದೊಂದಿಗೆ ಫಲಿತಾಂಶವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಿ ಗ್ರಾಮ ಪಂಚಾಯಿತಿಗಳಿಗೆ ಕಳಿಸಿದರೆ, ಬೊಜ್ಜದ ಪಂಕ್ತಿಯಲ್ಲಿ ಪ್ರಶ್ನೆ ಕೇಳುವವರಿಗೆ ಆ ಊರಿನ ಆಶಾ ಕಾರ್ಯಕರ್ತೆಯೇ ಅಂಕಿ ಹಿಡಿದು ಉತ್ತರ ಹೇಳಬಲ್ಲಳು.